ಒಂದೇ ಪ್ರತಿ, ನೂರು ಶಾಲೆ
ಗಡಿನಾಡಿನ ನೂರು ಶಾಲೆಗಳಿಗೆ ನಾವು ಒಂದೇ ಪಾಠವನ್ನು ದೂರಜಾಲದಲ್ಲಿ ಕಳುಹಿಸುವೆವೆಂದು ಭಾವಿಸೋಣ. ನೂರು ಪ್ರತಿ ಹೊರಟರೆ ಕಿರಿದಾದ ದಾರಿ ಕಟ್ಟಿಕೊಂಡು, ಕೊನೆಯ ಹಳ್ಳಿಯ ಮಕ್ಕಳಿಗೆ ತುಂಡು ಮಾತಷ್ಟೇ ದಕ್ಕೀತು. ಮಲ್ಟಿಕಾಸ್ಟ್ ಕ್ರಮದಲ್ಲಿ ಹೊರಡುವುದು ಒಂದೇ ಪ್ರತಿ. ದಾರಿ ಕವಲೊಡೆಯುವಲ್ಲಿ ಮಾತ್ರ ರೂಟರ್ ಯಂತ್ರವು ಮರುಪ್ರತಿ ಮಾಡುತ್ತದೆ. ಸ್ಟೀವ್ ಡೀರಿಂಗರು 1989ರಲ್ಲಿ ಇದರ ನಿಯಮಾವಳಿಯನ್ನು ಪ್ರಕಟಿಸಿದರು. 1992ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸಭೆಯೊಂದರ ಧ್ವನಿ ಹೀಗೆ 20 ಸ್ಥಳಗಳನ್ನು ಮುಟ್ಟಿತು.

ಡೆನ್ಸ್ ಮೋಡ್ ಎಂಬ ವಿಧಾನವು ಎಲ್ಲೆಡೆ ಹರಿಸಿ, ಬೇಡವೆಂದಲ್ಲಿ ನಿಲ್ಲಿಸುತ್ತದೆ. ಸ್ಪಾರ್ಸ್ ಮೋಡ್ ಕೇಳಿದ ಗದ್ದೆಗಷ್ಟೇ ತೂಬು ತೆರೆಯುತ್ತದೆ. ದೂರದ ದಾರಿಗೆ ಎರಡನೆಯದೇ ಮೇಲು. ಕೋರಿಕೆಗಳು ಬಂದು ಕೂಡುವ ರೂಟರನ್ನು ಪಾಠ ಹೊರಡುವೆಡೆಯ ಸಮೀಪವಿಟ್ಟರೆ ಸುತ್ತುದಾರಿ ತಪ್ಪುತ್ತದೆ. ಸಾರ್ವಜನಿಕ ಅಂತರ್ಜಾಲವು ಇದನ್ನು ಸಾಮಾನ್ಯವಾಗಿ ಒಯ್ಯದು. ಸ್ವಂತ ಜಾಲ ಬೇಕು. ಬೇಡಿದವರಿಗೆಲ್ಲ ತಲುಪಲಿ, ಬೇಡದವರಿಗೆ ಹೊರೆಯಾಗದಿರಲಿ.