ದುಡಿಯುವವರ ಬೆನ್ನಿಗೊಂದು ಗಾದಿ

ಅಕ್ಕಲಕೋಟೆಯಿಂದಲೂ ವಿಜಯಪುರದ ಕಡೆಯಿಂದಲೂ ಸೋಲಾಪುರಕ್ಕೆ ಬಂದುಹೋಗುವ ನಮ್ಮ ವಿದ್ಯಾರ್ಥಿಗಳಿಗೆ ಈ ನೋಟ ಹೊಸದಲ್ಲ. ಹೆದ್ದಾರಿಯ ಒಂದು ಬದಿಯಲ್ಲಿ ಡಾಂಬರು ಹಾಕುವ ಕೆಲಸ ಸಾಗಿರುತ್ತದೆ. ಬಾಗಿ ದುಡಿಯುವವರಿಗೂ ಅವರ ಬೆನ್ನ ಹಿಂದೆ ಧಾವಿಸಿ ಬರುವ ವಾಹನಗಳಿಗೂ ನಡುವೆ ಇರುವುದು ನಾಲ್ಕಾರು ಶಂಕುಗಳು, ಒಂದು ಕೆಂಪು ಬಾವುಟ. ಬಾವುಟವು ಎಚ್ಚರವಾಗಿರುವ ಚಾಲಕನನ್ನು ತಡೆದೀತು, ತೂಕಡಿಸುವವನನ್ನು ತಡೆಯಲಾರದು. ಈ ಕೊರತೆಯನ್ನು ನೀಗಿಸಲೆಂದು ಹುಟ್ಟಿದ ಸಾಧನವೇ ‘ಟ್ರಕ್ ಮೌಂಟೆಡ್ ಅಟೆನ್ಯುಯೇಟರ್’. ಗ್ರಾಂಥಿಕವಾಗಿ ಇದನ್ನು ಆಘಾತಶಾಮಕ ಎನ್ನಬಹುದು. ಮರಾಠಿಗೂ ನಮ್ಮ ಭಾಗದ ಕನ್ನಡಕ್ಕೂ ಸಮಾನವಾದ ‘ಗಾದಿ’ ಎಂಬ ಪದವೂ ಇದಕ್ಕೆ ಒಪ್ಪುತ್ತದೆ.

ಕೆಲಸದ ಸ್ಥಳಕ್ಕಿಂತ ಹಿಂದೆ, ವಾಹನಗಳು ಬರುವ ದಿಕ್ಕಿನಲ್ಲಿ, ಭಾರವಾದ ಲಾರಿಯೊಂದನ್ನು ನಿಲ್ಲಿಸುತ್ತಾರೆ. ಅದರ ಹಿಂಭಾಗಕ್ಕೆ ಹಲವು ಅಡಿ ಉದ್ದದ ಗಾದಿಯನ್ನು ಜೋಡಿಸಿರುತ್ತಾರೆ. ಕೆಲವು ಗಾದಿಗಳ ಒಳಗೆ ಜೇನುಗೂಡಿನಂತೆ ಹೆಣೆದ ಅಲ್ಯೂಮಿನಿಯಂ ಕೋಶಗಳಿರುತ್ತವೆ. ಮತ್ತೆ ಕೆಲವು ಉಕ್ಕಿನ ಚೌಕಟ್ಟುಗಳಾಗಿರುತ್ತವೆ. ದಾರಿ ತಪ್ಪಿದ ಕಾರು ಬಂದು ಅಪ್ಪಳಿಸಿದಾಗ ಗಾದಿಯು ಹಂತಹಂತವಾಗಿ ನಜ್ಜುಗುಜ್ಜಾಗುತ್ತ ಕಾರಿನ ಚಲನಶಕ್ತಿಯನ್ನು ತನ್ನೊಳಗೆ ಹೀರಿಕೊಳ್ಳುತ್ತದೆ.

ಲಾರಿಯೊಂದೇ ಸಾಲದೇ ಎಂಬ ಪ್ರಶ್ನೆ ಸಹಜ. ಕೆಲಸಗಾರರಿಗೆ ಅದು ಮರೆಯಾದೀತು, ಆದರೆ ಕಾರಿನವರಿಗೆ ಗೋಡೆಯಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅಲುಗಾಡದ ಲಾರಿಗೆ ಗುದ್ದಿ 60 ಸೆಂಟಿಮೀಟರಿನೊಳಗೆ ನಿಂತಿತೆನ್ನೋಣ. ಆಗ ಅದರ ಸರಾಸರಿ ವೇಗಕುಸಿತವು ಗುರುತ್ವದ ಸುಮಾರು 65 ಪಟ್ಟಾಗುತ್ತದೆ. ಅದೇ ಕಾರು ಗಾದಿಯನ್ನು ಕುಗ್ಗಿಸುತ್ತ 4 ಮೀಟರ್ ಸಾಗಿ ನಿಂತರೆ, ಅದು ಸುಮಾರು 10 ಪಟ್ಟಿಗೆ ಇಳಿಯುತ್ತದೆ. ನಿಲ್ಲಲು ದೊರೆತ ಆ ಮೂರೂವರೆ ಮೀಟರಿನ ಅವಕಾಶವೇ ಜೀವವನ್ನು ಉಳಿಸುತ್ತದೆ. ತಪ್ಪು ಮಾಡಿದವನೂ ಬದುಕಬೇಕೆಂಬುದು ಈ ಸಾಧನದ ಹಿಂದಿನ ವಿವೇಕ.

ಈ ವಿವೇಕಕ್ಕೆ ದುಃಖದ ಹಿನ್ನೆಲೆಯೂ ಉಂಟು. 1955ರಲ್ಲಿ ಫ್ರಾನ್ಸಿನ ಲ ಮಾನ್ ಕಾರು ಸ್ಪರ್ಧೆಯಲ್ಲಿ ಪಿಯೆರ್ ಲವೆ ಅವರ ಕಾರು ಸಿಡಿದು 80ಕ್ಕೂ ಹೆಚ್ಚು ಮಂದಿ ಮಡಿದರು. ಅದೇ ಕಾರನ್ನು ಸರದಿಯಲ್ಲಿ ಓಡಿಸಬೇಕಿದ್ದ ಅಮೆರಿಕದ ಜಾನ್ ಫಿಚ್ ಮುಂದೆ ರಸ್ತೆ ಸುರಕ್ಷತೆಯತ್ತ ಮನಸ್ಸು ತಿರುಗಿಸಿ, ಮರಳು ತುಂಬಿದ ಪೀಪಾಯಿಗಳ ತಡೆಯನ್ನು ರೂಪಿಸಿದರು. ಅದು ಒಂದೆಡೆ ನಿಂತಿರುವ ಗಾದಿ. ಕೆಲಸದೊಡನೆ ತಾನೂ ಸಾಗಬಲ್ಲ ಗಾದಿಯನ್ನು 1970ರ ದಶಕದ ಆರಂಭದಲ್ಲಿ ಟೆಕ್ಸಾಸಿನ ಸಂಶೋಧಕರು ಪರೀಕ್ಷಿಸಿದರು. ಅವರು ಬಳಸಿದ್ದು ಉಕ್ಕಿನ ಖಾಲಿ ಡ್ರಮ್ಮುಗಳನ್ನು!

ಗಾದಿಯಿದೆಯೆಂದು ಮೈಮರೆಯುವಂತಿಲ್ಲ. ಡಿಕ್ಕಿಯ ರಭಸಕ್ಕೆ ಲಾರಿಯೂ ಮುಂದಕ್ಕೆ ಸರಿಯುತ್ತದೆ. ಆದುದರಿಂದ ಅದಕ್ಕೂ ಕೆಲಸಗಾರರಿಗೂ ನಡುವೆ ತೆರವಾದ ಜಾಗವಿರಲೇಬೇಕು; ಅಲ್ಲಿ ಯಾರೂ ನಿಲ್ಲಬಾರದು, ಸಾಮಗ್ರಿಯನ್ನೂ ಇಡಬಾರದು. ಇನ್ನೊಂದು ಮಿತಿಯನ್ನೂ ಗಮನಿಸಬೇಕು. ಅಮೆರಿಕದ ‘ಮ್ಯಾಷ್’ ಮಾನದಂಡವು 100 ಕಿಲೋಮೀಟರ್ ವೇಗದ ಪರೀಕ್ಷೆಗೆ ಬಳಸುವುದು 1,100 ಕಿಲೋ ತೂಕದ ಕಾರು ಮತ್ತು 2,270 ಕಿಲೋ ತೂಕದ ಪಿಕಪ್ ವಾಹನಗಳನ್ನು. ಕಬ್ಬು, ಸಿಮೆಂಟು ಹೇರಿಕೊಂಡು ಬರುವ ನಮ್ಮ ಲಾರಿಗಳ ಭಾರ ಇದರ ಎಷ್ಟೋ ಪಟ್ಟು.

ಆದ್ದರಿಂದಲೇ ಗಾದಿಯು ಕೊನೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ. ದೂರದಿಂದಲೇ ಎಚ್ಚರಿಸುವ ಫಲಕಗಳು, ವಾಹನಗಳನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸುವ ಶಂಕುಗಳ ಸಾಲು, ರಾತ್ರಿ ಹೊಳೆಯುವ ಅಂಗಿ, ಇವೆಲ್ಲ ಅದಕ್ಕಿಂತ ಮುಂಚೆ ಬರುತ್ತವೆ. ಎಲ್ಲಕ್ಕಿಂತ ಮುಂಚೆ ಬರುವುದು ಚಾಲಕನ ವೇಗ. ವೇಗವನ್ನು 100ರಿಂದ 50ಕ್ಕೆ ಇಳಿಸಿದರೆ ವಾಹನದ ಚಲನಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಗಾದಿಯಿಲ್ಲದ ರಸ್ತೆಯಲ್ಲಿ ಬಾವುಟ ಹಿಡಿದು ನಿಂತವರಿಗೆ ನಾವು ನೀಡಬಹುದಾದ ರಕ್ಷಣೆ ಅದೇ. ಬೈಕು ಹತ್ತುವ ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.