ಸಿಂಕಿನ ಕೆಳಗಿನ ಬಕೆಟ್

ಅಡುಗೆಮನೆಯ ಸಿಂಕಿನ ಕೆಳಗೆ ಒಂದು ಹಳೆಯ ಬಕೆಟ್ ಇಲ್ಲದ ಮನೆ ನಮ್ಮ ಹೊಸಪೇಟೆಯಲ್ಲಿ ಎಷ್ಟಿರಬಹುದು? ಪೈಪ್ ಸೋರುತ್ತದೆ, ಬಕೆಟ್ ಇಡುತ್ತೇವೆ. ಬಕೆಟ್ ತುಂಬುತ್ತದೆ, ಚೆಲ್ಲುತ್ತೇವೆ. ಪ್ಲಂಬರ್‌ಗೆ ಹೇಳಿ ಕಳಿಸಿದರೆ ‘ನಾಳೆ ಬರ್ತೀನಿ’ ಎನ್ನುತ್ತಾನೆ. ಹಂಪಿಯ ಸೀಸನ್‌ನಲ್ಲಂತೂ ಲಾಡ್ಜು, ಹೋಟೆಲ್ಲುಗಳ ದೊಡ್ಡ ಕೆಲಸ ಬಿಟ್ಟು ನಮ್ಮ ಒಂದು ವಾಷರಿಗಾಗಿ ಅವನಾದರೂ ಯಾಕೆ ಬರಬೇಕು?

ನನ್ನ ತಂಗಿಯ ಮನೆಯಲ್ಲಿ ಈ ಬಕೆಟ್ ದೊಡ್ಡ ಮನಸ್ತಾಪಕ್ಕೇ ಕಾರಣವಾಗಿತ್ತು. ಹಳೆಯ ಮನೆ, ಪಕ್ಕದವರಿಗೂ ಅವರಿಗೂ ಒಂದೇ ಗೋಡೆ. ಬಕೆಟ್ಟಿಗೆ ಬೀಳುವ ಹನಿ ಕಾಣುತ್ತಿತ್ತು, ಹಿಂಬದಿಯಿಂದ ಗೋಡೆಯೊಳಕ್ಕೆ ಇಳಿಯುವ ನೀರು ಕಾಣುತ್ತಿರಲಿಲ್ಲ. ಗೋಡೆಯ ಆ ಕಡೆ ಪಕ್ಕದ ಮನೆಯ ಅಜ್ಜಿ ಮಲಗುವ ಕೋಣೆ. ಸುಣ್ಣ ಉದುರಿತು, ಗೋಡೆ ಹಸಿರುಗಟ್ಟಿತು, ಅಜ್ಜಿಯ ಕೆಮ್ಮು ಹೆಚ್ಚಾಯಿತು. “ನಿಮ್ಮ ಮನೆ ನೀರು ನಮ್ಮ ಗೋಡೆ ತಿಂತೈತಲ್ಲಮ್ಮಾ” ಎಂದು ಆ ಮನೆಯ ಸೊಸೆ ಬಾಗಿಲಿಗೇ ಬಂದು ಹೇಳಿ ಹೋದಳು. ಹಬ್ಬದ ತಟ್ಟೆ ಹೋಗಿ ಬರುವುದೂ ನಿಂತಿತು. ನೆರೆಯವರಿಗೆ ತೊಂದರೆ ಕೊಟ್ಟುಕೊಂಡು ನಾವು ನೆಮ್ಮದಿಯಾಗಿರಲು ಬರುತ್ತದೆಯೇ? ತಂಗಿಯ ಗಂಡ ಸಂಡೂರಿನಲ್ಲಿ ಲಾರಿ ಓಡಿಸುವವನು, ಮನೆಗೆ ಬರುವುದು ವಾರಕ್ಕೊಮ್ಮೆ. ಕೊನೆಗೆ ಅವಳೂ ಒಂಬತ್ತನೆಯ ತರಗತಿಯ ಮಗನೂ ಸ್ಪ್ಯಾನರ್ ಹಿಡಿದರು. ಟಾರ್ಚ್ ಹಿಡಿಯುವ ಕೆಲಸ ಮಾತ್ರ ನನ್ನದು.

ಮೊದಲು ಪತ್ತೆ ಮಾಡಬೇಕಾದದ್ದು ಸೋರುವ ಜಾಗ. ಸೋರುವ ಜಾಗವೇ ಬೇರೆ, ಹನಿ ಬೀಳುವ ಜಾಗವೇ ಬೇರೆ. ನೀರು ಪೈಪನ್ನು ಹಿಡಿದುಕೊಂಡು ಹರಿದು, ತಗ್ಗು ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಕೆಳಗೆ ಹಳೆಯ ಪೇಪರ್ ಹಾಸಿ. ಸಿಂಕಿನ ತೂತು ಮುಚ್ಚಿ ನೀರು ತುಂಬಿಸಿ ಕಾಯಿರಿ. ನೀರು ನಿಂತಿರುವಾಗಲೇ ತೊಟ್ಟಿಕ್ಕಿದರೆ ಸಿಂಕಿಗೆ ಕೂರಿಸಿದ ಜಾಲರಿ ಕಪ್ಲಿಂಗಿನ ದೋಷ. ಬಿಟ್ಟಾಗ ಮಾತ್ರ ಸೋರಿದರೆ ಕೆಳಗಿನ ಪೈಪು, ನಟ್ಟುಗಳದ್ದು. ಸಿಂಕ್ ಬಳಸದಿದ್ದರೂ ಹನಿಯುತ್ತಿದ್ದರೆ ಅದು ನಲ್ಲಿಗೆ ಬರುವ ಲೈನಿನದು; ಮೇಲಿನ ವಾಲ್ವ್ ಮುಚ್ಚದೆ ಅದಕ್ಕೆ ಕೈ ಹಾಕಬಾರದು.

ತಂಗಿಯ ಮನೆಯಲ್ಲಿ ದೋಷ ಎರಡಿದ್ದವು. ಕಪ್ಲಿಂಗಿನ ರಬ್ಬರ್ ವಾಷರ್ ಹಪ್ಪಳದಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಬಕೆಟ್ಟಿನ ಹನಿ ಅದರದ್ದು. ಗೋಡೆಯನ್ನು ತಿಂದದ್ದು ಮಾತ್ರ ಇನ್ನೊಂದು: ಸಿಂಕಿನ ಪೈಪು ಗೋಡೆಯ ಪೈಪಿಗೆ ಸೇರುವ ಕಡೆ ಹಿಂದೆ ಯಾರೋ ಹಳೆಯ ಬಟ್ಟೆ ಸುತ್ತಿ ಮೇಲೆ ಸಿಮೆಂಟ್ ಬಳಿದಿದ್ದರು. ಬಟ್ಟೆ ಕೊಳೆತಿತ್ತು. ಮುಂದೆ ಕಸ ಕಟ್ಟಿದಾಗಲೆಲ್ಲ ನೀರು ಹಿಂದಕ್ಕೆ ಬಂದು ಆ ಸಂದಿಯಿಂದ ಗೋಡೆಗಿಳಿಯುತ್ತಿತ್ತು. ಹುಡುಗ ಹಳೆಯ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದ್ದು ತಂದ. ಕಪ್ಲಿಂಗಿನ ಹಳೆಯ ವೈಟ್ ಸಿಮೆಂಟ್ ಕೆರೆದು, ಒಣಗಿಸಿ, ಸುತ್ತ ಸಿಲಿಕಾನ್ ಹಚ್ಚಿ ಒಂದು ದಿನ ಮುಟ್ಟದೆ ಬಿಟ್ಟರು. ಗೋಡೆಯ ಬಾಯಿಗೆ ಅಳತೆಯ ರಬ್ಬರ್ ರಿಂಗ್ ಕೂರಿಸಿದರು. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲಿ ಬಿಗಿದು, ಆಮೇಲೆ ಸ್ಪ್ಯಾನರಿನಲ್ಲಿ ಸ್ವಲ್ಪವೇ ತಿರುಗಿಸಬೇಕು. ಗಂಡಸರು ಶಕ್ತಿ ತೋರಿಸಿಯೇ ಅರ್ಧ ನಟ್ಟುಗಳು ಒಡೆಯುವುದು. ಖರ್ಚು 200 ರೂಪಾಯಿ ದಾಟಲಿಲ್ಲ. ಗೋಡೆ ಒಣಗಲು ತಿಂಗಳುಗಳೇ ಬೇಕಾದವು. ಒಣಗಿದ ಮೇಲೆ ಸುಣ್ಣ ಹೊಡೆಸಿಕೊಟ್ಟವಳೂ ತಂಗಿಯೇ. ಆ ಬಕ್ರೀದ್‌ಗೆ ಶಾವಿಗೆ ಪಾಯಸದ ತಟ್ಟೆ ಹೋಯಿತು, ತೊಳೆದ ತಟ್ಟೆಯಲ್ಲಿ ಹೋಳಿಗೆ ಬಂತು.

ನೀರಿನ ಕೆಲಸದಲ್ಲಿ ಕೆಡುವುದು ಸಾಮಾನ್ಯವಾಗಿ ಸಣ್ಣ ಭಾಗವೇ. 1953ರಲ್ಲಿ ಪೂರ್ಣಗೊಂಡ ನಮ್ಮ ತುಂಗಭದ್ರಾ ಅಣೆಕಟ್ಟಿಗೆ 33 ಕ್ರಸ್ಟ್ ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು, ಕಂಪ್ಲಿಯ ಕಡೆಯ ನದೀತೀರದವರಿಗೆ ಎಚ್ಚರಿಕೆ ಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಬಾಯಿ ಮುಚ್ಚಿದರು. ಹಂಪಿಯಲ್ಲಿ ಕಲ್ಲುಕಂಬಗಳ ಮೇಲೆ ನಿಂತ ಕಲ್ಲಿನ ಕಾಲುವೆ, ಮಣ್ಣಿನ ಕೊಳವೆಗಳನ್ನು ನೋಡಿದವರು ಅವುಗಳ ಜೋಡಣೆಯ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ. ಆನೆಗೊಂದಿ ಕಡೆಯ ಹರಿಗೋಲಿಗೂ ಬಿದಿರಿನ ಹೆಣಿಗೆಯ ಮೇಲೆ ಡಾಂಬರು ಬಳಿಯುವುದು ಸಂದಿ ಮುಚ್ಚಲಿಕ್ಕೇ. ಸಮುದ್ರದ ಚಿಕ್ಕ ಹಾಯಿದೋಣಿಗಳಲ್ಲಂತೂ ಅಡುಗೆಯ ಸಿಂಕಿನ ಪೈಪು ದೋಣಿಯ ಮೈಯಲ್ಲಿನ ತೂತಿನಿಂದ ನೇರ ಹೊರಕ್ಕೆ ಹೋಗುತ್ತದೆ. ಆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದ್ದು ಪೈಪು ಕಳಚಿದರೆ ಸಮುದ್ರವೇ ಒಳಗೆ! ಅದಕ್ಕೇ ಅಲ್ಲಿ ಒಂದು ವಾಲ್ವ್, ಒಂದೊಂದು ಜೋಡಣೆಗೂ ಎರಡೆರಡು ಕ್ಲಾಂಪ್.

ನಮ್ಮ ಸಿಂಕಿಗೆ ನಿಜವಾದ ಶತ್ರು ಎಣ್ಣೆ, ಕೊಬ್ಬು. ಬಿರಿಯಾನಿ ಹಂಡೆಯ ಜಿಡ್ಡು ಬಿಸಿಯಿರುವಾಗ ನೀರಿನಂತೆ ಹರಿದು, ಪೈಪಿನೊಳಗೆ ತಣ್ಣಗಾಗಿ ಮೇಣದಂತೆ ಕಟ್ಟುತ್ತದೆ. ಮೊದಲು ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಕುದಿಯುವ ಗಂಜಿಯನ್ನು ನೇರ ಸುರಿದರೆ ಪ್ಲಾಸ್ಟಿಕ್ ಪೈಪು ಮೆತ್ತಗಾಗಿ ಜೋಡಣೆ ಸಡಿಲವಾಗುತ್ತದೆ. ಪೈಪನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಕಟ್ಟಿದ್ದರೆ ಅದನ್ನು ನೆಟ್ಟಗೆ ಮಾಡಬೇಡಿ. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ತಡೆಯುವುದು. ಬೇಸಿಗೆ ರಜೆಗೆ ತವರಿಗೆ ಹೋಗಿ ಬಂದಾಗ ಅಡುಗೆಮನೆ ನಾತ ಹೊಡೆಯುವುದು ಆ ನೀರು ಆರಿರುವುದರಿಂದ; ಒಂದು ಚೊಂಬು ನೀರು ಸುರಿದರೆ ಸಾಕು. ಇನ್ನು ಕಸ ಬಿಡಿಸಲೆಂದು ಆ್ಯಸಿಡ್ ಸುರಿದು ಅದರ ಮೇಲೆ ಬ್ಲೀಚಿಂಗ್ ಪೌಡರ್ ಹಾಕುವವರಿದ್ದಾರೆ. ಅದರಿಂದ ಹೊರಡುವ ಕ್ಲೋರಿನ್ ಗಾಳಿ ಮುಚ್ಚಿದ ಅಡುಗೆಮನೆಯಲ್ಲಿ ಪ್ರಾಣಕ್ಕೇ ಅಪಾಯ. ಪೈಪ್ ಕಟ್ಟಿದರೆ ಅದೇ ಬಕೆಟ್ಟನ್ನು ಕೆಳಗಿಟ್ಟು, ನಟ್ ಬಿಚ್ಚಿ, ಕೈಯಿಂದಲೇ ಕಸ ತೆಗೆಯಿರಿ.