ಕೊಕ್ಕೆ ಹಿಡಿಯುವ ದವಡೆ

ಏಪ್ರಿಲ್ 1ರಂದು ರಾಸ್ಕೋದಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲವಂತೆ. ಹಿಡಿದ ಟ್ರೌಟ್ ಮೀನನ್ನು ಮನೆಗೊಯ್ಯುವ ಹಂಗಾಮು ಶುರುವಾಗುವುದೇ ಅಂದು. ಊರಂಚಿನಲ್ಲಿ ಬೀವರ್‌ಕಿಲ್, ವಿಲೊವೀಮಾಕ್ ಎಂಬ ಎರಡು ಹೊಳೆಗಳು ಕೂಡುತ್ತವೆ. ಆ ಸಂಗಮದ ಮಡುವಿಗೆ ಜಂಕ್ಷನ್ ಪೂಲ್ ಎಂದು ಹೆಸರು. ಅಲ್ಲಿ ವರ್ಷದ ಮೊದಲ ಗಾಳ ಬೀಸುವುದು ಒಂದು ಜಾತ್ರೆಯೇ. ನಾವು ಹೋದದ್ದು ಫೆಬ್ರವರಿಯಲ್ಲಿ. ನ್ಯೂಯಾರ್ಕ್ ನಗರ ಬಿಟ್ಟು ಎರಡೂವರೆ ಗಂಟೆಯ ಹಾದಿ ಸವೆಸಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ನಡುವೆ ಇಳಿದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹೊಳೆಯ ಅಂಚಿಗೆ ಮಂಜುಗಡ್ಡೆ ಕಟ್ಟಿದೆ. ಮೀನಿನ ಹುಚ್ಚಿನವರೆಲ್ಲ ಗಾಳದ ಸಾಮಾನಿನ ಅಂಗಡಿಯೊಳಗೆ ಹೀಟರಿನ ಪಕ್ಕ ಉದ್ದ ಮೇಜಿಗೆ ಕೂತಿದ್ದಾರೆ. ಚಳಿಗಾಲ ಪೂರ್ತಿ ಇವರಿಗೆ ಒಂದೇ ಕೆಲಸ: ಹುಳ ಕಟ್ಟುವುದು.

ಹುಳವೆಂದರೆ ನಿಜವಾದ ಹುಳವಲ್ಲ. ಗಾಳದ ಕೊಕ್ಕೆಗೆ ಗರಿ, ತುಪ್ಪಳ, ರೇಷ್ಮೆಯಂಥ ದಾರ ಸುತ್ತಿ, ನೀರ ಮೇಲೆ ಬಂದು ಕೂರುವ ಕೀಟದಂತೆ ಕಾಣಿಸುವ ಮಾಯೆ. ಇವರು ಅದಕ್ಕೆ ಫ್ಲೈ ಎನ್ನುತ್ತಾರೆ. 14ನೇ ನಂಬರಿನ ಕೊಕ್ಕೆ ಸಾಧಾರಣ. ನಂಬರು ಏರಿದಷ್ಟೂ ಕೊಕ್ಕೆ ಕಿರಿದು. 18ನೇ ನಂಬರಿನದು ಹೆಚ್ಚುಕಮ್ಮಿ ಅಕ್ಕಿಕಾಳಿನ ಉದ್ದ. ಅದರ ಮೇಲೆ ಬಾಲ, ಮೈ, ರೆಕ್ಕೆ, ಕತ್ತಿನ ಸುತ್ತ ಗರಿಯ ಕುಚ್ಚು, ಕೊನೆಗೆ ತಲೆಯ ಗಂಟು ಎಲ್ಲವೂ ಕೂರಬೇಕು. ಎರಡು ಕೈಯೂ ಕೆಲಸದಲ್ಲಿರುವಾಗ ಕೊಕ್ಕೆಯನ್ನು ಹಿಡಿದು ನಿಲ್ಲಿಸುವ ಮೂರನೆಯ ಕೈ ವೈಸ್. ಮೋಟಾರ್ ಗ್ಯಾರೇಜಿನ ಬೆಂಚ್ ವೈಸ್ ಕಂಡವರಿಗೆ ಇದು ಅದರ ಮರಿಮಗುವಿನಂತೆ ಕಂಡೀತು. ಒಂದು ಕಂಬ, ಅದರ ತುದಿಯಿಂದ ಓರೆಯಾಗಿ ಚಾಚಿದ ಕತ್ತು, ಕತ್ತಿನ ತುದಿಗೆ ಪೆನ್ಸಿಲ್ ಮೊನೆಯಷ್ಟಕ್ಕೆ ಸಣ್ಣಗಾದ ಉಕ್ಕಿನ ದವಡೆ.

ನಮ್ಮ ಭಾವ ಬಂದದ್ದು ಆ ದವಡೆಯ ಸಲುವಾಗಿ. ತೀರ್ಥಹಳ್ಳಿ ಕಡೆಯವರು, ಹುಡುಗರಾಗಿದ್ದಾಗ ತುಂಗೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದವರು. ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ನೌಕರಿ ಹಿಡಿದ ಎಷ್ಟೋ ವರ್ಷಕ್ಕೆ ಈ ಗೀಳು ಹತ್ತಿತು. ಶುರುವಿಗೆ ಕೊಂಡದ್ದು ಒಂದು ಡಬ್ಬಿ: ಕತ್ತರಿ, ದಾರದ ಬಾಬಿನ್, ಗರಿ ಹಿಡಿಯುವ ಚಿಮಟ, ಒಂದು ಕೋಳಿಯ ಕತ್ತಿನ ಗರಿಸಮೇತ ತೊಗಲು, ಜೊತೆಗೊಂದು ಅಗ್ಗದ ವೈಸ್. ಅದನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮೇಜಿನ ತಲೆಗೆ ಕೂತಿದ್ದ ಮುದುಕರು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಥಾಂಪ್ಸನ್ ಮೊಮ್ಮಗ" ಅಂದರು.

ಅವರು ಹೇಳಿದ್ದು ಸರಿಯೇ. ಇಲಿನಾಯ್ ರಾಜ್ಯದ ಎಲ್ಗಿನ್ ಊರಿನ ಡಿ. ಎಚ್. ಥಾಂಪ್ಸನ್ ಕಂಪನಿಯ 'ಮಾಡೆಲ್ ಎ' ಕಳೆದ ಶತಮಾನದಲ್ಲಿ ಅಮೆರಿಕದ ಅಸಂಖ್ಯ ಮನೆಗಳ ಮೇಜಿಗೆ ಕಚ್ಚಿಕೊಂಡಿತ್ತು. ಅದರ ಮಾಟ ಸರಳ. ಸೀಳಿದ ದವಡೆಯ ಹಿಂದೊಂದು ಸರಳು, ಸರಳಿನ ಬಾಲಕ್ಕೊಂದು ಕ್ಯಾಮ್ ಲಿವರ್. ಲಿವರ್ ಕೆಳಗೊತ್ತಿದರೆ ಸರಳು ಹಿಂದಕ್ಕೆ ಜಗ್ಗುತ್ತದೆ, ದವಡೆ ಕತ್ತಿನ ಕಿರಿದಾದ ಬಾಯೊಳಗೆ ಸೇದಿಕೊಂಡು ಕೊಕ್ಕೆಯನ್ನು ಕಚ್ಚುತ್ತದೆ. ಇದರ ನಕಲುಗಳನ್ನು ಮಾಡಿ ಜಗತ್ತಿಗೆಲ್ಲ ಕಳಿಸಿದವರಲ್ಲಿ ನಮ್ಮ ದೇಶದವರು ಮುಂದು. ಭಾವನ ವೈಸಿನ ಬುಡದಲ್ಲೂ ಇಂಡಿಯಾ ಎಂಬ ಅಚ್ಚು ಇತ್ತು. ಡಬ್ಬಿಯ ಕೋಳಿ ತೊಗಲೂ ಬಹುಶಃ ಅಲ್ಲಿಯದೇ. ನಮ್ಮಲ್ಲಿ ಮಾಡಿದ್ದನ್ನು ಸಾಗರ ದಾಟಿ ಬಂದು ಕೊಂಡು, ಈಗ ಬದಲಿಸಲು ಹೊರಟಿದ್ದಾರೆ!

ಬದಲಿಸಲು ಕಾರಣವಿತ್ತು. ಭಾವ ಕಟ್ಟಿ ತೋರಿಸಿದರು. ಕೊಕ್ಕೆಯ ಬಾಗನ್ನು ದವಡೆಗೆ ಕೊಟ್ಟು ಲಿವರ್ ಒತ್ತಿ, ದಾರ ಸುತ್ತಿ ಸ್ವಲ್ಪ ಬಿಗಿ ಎಳೆದರೋ ಇಲ್ಲವೋ, ಕೊಕ್ಕೆಯ ಮೂಗು ಮೆಲ್ಲಗೆ ಕೆಳಕ್ಕೆ ಬಾಗಿತು. ಇನ್ನೊಂದು ಸುತ್ತಿಗೆ ಮತ್ತಷ್ಟು. ಲಿವರನ್ನು ಮೈಬಲ ಹಾಕಿ ಒತ್ತಿದರು. ಕೊಕ್ಕೆ ಪಕ್ಕಕ್ಕೆ ಜಾರಿ ದಾರ ಪಟಕ್ಕೆಂದಿತು. ಮುದುಕರು ಭೂತಗನ್ನಡಿ ತರಿಸಿದರು. ದವಡೆಯ ಒಳಮೈಯಲ್ಲಿ ಕೊಕ್ಕೆಯ ತಂತಿ ಕೂತಲ್ಲೆಲ್ಲ ಗೀರು ಬಿದ್ದು ಸಣ್ಣ ಕಾಲುವೆಯಾಗಿತ್ತು, ತುದಿಯಲ್ಲಿ ಎರಡು ತುಟಿಗಳೂ ಸಮ ಕೂಡುತ್ತಿರಲಿಲ್ಲ. ಕೊಕ್ಕೆಯ ಉಕ್ಕು ಗಡಸು, ದವಡೆಯದು ಮೆದು, ಕಚ್ಚಬೇಕಾದದ್ದೇ ಕಚ್ಚಿಸಿಕೊಂಡಿದೆ.

"ನೋಡಿದೆಯಾ ಮಾರಾಯ, ನಾನು ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡಿದ್ದೆ," ಎಂದು ಭಾವ ನನ್ನ ಕಡೆ ತಿರುಗಿದರು.

ಅಂಗಡಿಯವರು ಒಂದೊಂದೇ ವೈಸ್ ತಂದು ಮೇಜಿಗಿಟ್ಟರು. ಮೊದಲಿಗೆ ಮ್ಯಾಸಚೂಸೆಟ್ಸಿನ ರೀಗಲ್. ಇದಕ್ಕೆ ಹೊಂದಿಸುವ ತಿರುಪಿನ ಗೊಡವೆಯೇ ಇಲ್ಲ. ಹಿಡಿಯನ್ನು ಅಂಗೈಯಲ್ಲಿ ಹಿಸುಕಿದರೆ ದವಡೆ ಬಾಯಿ ಬಿಡುತ್ತದೆ, ಬಿಟ್ಟರೆ ಸ್ಪ್ರಿಂಗಿನ ಬಲಕ್ಕೆ ತಾನೇ ಕಚ್ಚುತ್ತದೆ. ಸಣ್ಣ ಕೊಕ್ಕೆಯೋ ದೊಡ್ಡದೋ ಎಂದು ಅದು ಕೇಳುವುದಿಲ್ಲ. ಮುದುಕರು 14ನೇ ನಂಬರಿನ ಕೊಕ್ಕೆಯನ್ನು ಕಚ್ಚಿಸಿ, ಅದರ ಮೂಗನ್ನು ಉಗುರಿನಿಂದ ಮೀಟಿದರು. ಟಿಣ್ ಎಂದು ಸಣ್ಣ ಸ್ವರ. ಆಮೇಲೆ ಹೆಬ್ಬೆರಳಿಟ್ಟು ಕೆಳಗೆ ಅದುಮಿದರು. ಕೊಕ್ಕೆಯ ದಂಟು ಬಿಲ್ಲಾಯಿತು, ಬೆರಳು ತೆಗೆದಾಗ ನೆಟ್ಟಗಾಯಿತು, ದವಡೆಯೊಳಗಿನ ಭಾಗ ಕೂದಲೆಳೆಯಷ್ಟೂ ಕದಲಲಿಲ್ಲ. ಭಾವನ ವೈಸಿನಲ್ಲಿ ಅದೇ ಕೊಕ್ಕೆ ಮೀಟಿದಾಗ ಬಂದದ್ದು ಬರೀ 'ಟಕ್'. ವೈಸ್ ಕೊಳ್ಳುವವರು ಬೇರೇನು ಪರೀಕ್ಷೆ ಮಾಡದಿದ್ದರೂ ಇದೊಂದು ಮಾಡಬೇಕು. ಹಿತ್ತಾಳೆಯ ಮಿರುಗು, ಬಣ್ಣಬಣ್ಣದ ಲೇಪ, ಕೆತ್ತಿದ ಹೆಸರು ಇವೆಲ್ಲ ಆಮೇಲಿನ ಮಾತು.

ಎರಡನೆಯದು ಫ್ಲಾರಿಡಾದ ರೆಂಜೆಟ್ಟಿ ಟ್ರಾವೆಲರ್. ಇದು ರೋಟರಿ, ಅಂದರೆ ತಿರುಗುವ ಜಾತಿ. ದವಡೆಯ ಕತ್ತನ್ನು ಬಾಗಿಸಿ ಹೊಂದಿಸಿರುವುದರಿಂದ ಕೊಕ್ಕೆಯ ದಂಟು ತಿರುಗುವ ಅಚ್ಚಿನ ನೇರಕ್ಕೇ ಬಂದು ಕೂರುತ್ತದೆ. ಹಿಡಿಕೆ ತಿರುವಿದರೆ ದಂಟು ಇದ್ದಲ್ಲೇ ಉರುಳುತ್ತದೆ. ಬರಿದೆ ತಿರುಗುವ ಅಗ್ಗದ ವೈಸಿನಲ್ಲಿ ಕೊಕ್ಕೆ ಗಾಳಿಯಲ್ಲಿ ವೃತ್ತ ಹೊಡೆಯುತ್ತದೆ, ಅದು ಹೀಗೆ ತಿರುವಿ ಸುತ್ತುವುದಕ್ಕೆ ಬಾರದು. ಈ ಊರಿನ ಹೆಮ್ಮೆಯ ಫ್ಲೈ ಕ್ವಿಲ್ ಗಾರ್ಡನ್. ಅದರ ಮೈ ನವಿಲುಗರಿಯ ಎಳೆಯದು. ಎಳೆಯ ರೋಮವನ್ನು ಉಗುರಿನಿಂದಲೋ ರಬ್ಬರಿನಿಂದಲೋ ಉಜ್ಜಿ ತೆಗೆದರೆ ಒಂದಂಚು ತಿಳಿ, ಒಂದಂಚು ಕಪ್ಪಾದ ಪಟ್ಟಿ ಉಳಿಯುತ್ತದೆ. ಮುದುಕರು ಎಡಗೈಯಲ್ಲಿ ಆ ಪಟ್ಟಿ ಹಿಡಿದು ಬಲಗೈಯಲ್ಲಿ ವೈಸ್ ತಿರುವಿದರು. ಕಪ್ಪು, ತಿಳಿ, ಕಪ್ಪು, ತಿಳಿ... ಒಂದು ಸುತ್ತು ಇನ್ನೊಂದರ ಮೇಲೆ ಏರದೆ ಕೊಕ್ಕೆಯ ಮೇಲೆ ಕೀಟದ ಹೊಟ್ಟೆ ಮೂಡಿಬಂತು. ಕೊಕ್ಕೆಯ ಕಣ್ಣಿನ ಹಿಂದೆ ಚೂರು ಜಾಗ ಖಾಲಿ ಬಿಟ್ಟು ಕಟ್ಟು ಮುಗಿಸಿದರು. ಆ ಖಾಲಿ ಜಾಗ ಕ್ಯಾಟ್‌ಸ್ಕಿಲ್ ಶೈಲಿಯ ರುಜು.

ಭಾವನ ಕಣ್ಣು ಹೊಳೆಯಿತು. ನನಗೆ ಮಾತ್ರ, ಈ ತಿರುಗಾಟದ ದೊಡ್ಡ ಲಾಭ ಸುತ್ತುವುದರಲ್ಲಿಲ್ಲ, ನೋಡುವುದರಲ್ಲಿದೆ ಅನ್ನಿಸಿತು. ಅಲ್ಲಿದ್ದ ನುರಿತವರು ಹೆಚ್ಚಿನ ಸುತ್ತುಗಳನ್ನು ಕೈಯಲ್ಲೇ ಹಾಕುತ್ತಿದ್ದರು. ಆಗಾಗ ವೈಸನ್ನು ಅರ್ಧ ತಿರುಗಿಸಿ ಹಿಂಬದಿಯ ರೆಕ್ಕೆ ಸೊಟ್ಟಗಾಗಿಲ್ಲವೇ, ಹೊಟ್ಟೆಯ ಕೆಳಗೆ ದಾರ ಗಂಟಾಗಿಲ್ಲವೇ ಎಂದು ಇಣುಕುತ್ತಿದ್ದರು. ಮೀನು ನೋಡುವುದು ಕೆಳಗಿನಿಂದ ತಾನೆ. ಕಟ್ಟುವವನಿಗೆ ಕಾಣುವುದು ಎದುರಿನ ಮಗ್ಗುಲು ಮಾತ್ರ.

ಮೂರನೆಯದು ಎಚ್‌ಎಂಎಚ್. ನ್ಯೂಹ್ಯಾಂಪ್‌ಶೈರಿನಲ್ಲಿ ಬಿಲ್ ಹಂಟರ್ ಶುರು ಮಾಡಿದ್ದು, ಈಗ ಮೇಯ್ನ್ ರಾಜ್ಯದಲ್ಲಿ ತಯಾರಾಗುತ್ತದೆ. ತೀರ ಸಣ್ಣ ಕೊಕ್ಕೆಗೊಂದು, ಸಾಧಾರಣಕ್ಕೊಂದು, ಕಡಲಮೀನಿನ ದಪ್ಪ ಕೊಕ್ಕೆಗೊಂದು ಎಂದು ದವಡೆಯನ್ನೇ ಕಳಚಿ ಹಾಕಬಹುದು. ಬೆಲೆ ಕೇಳಿ ಭಾವ ಅದನ್ನು ಬಹಳ ಗೌರವದಿಂದ ಮೇಜಿನ ಮೇಲಿಟ್ಟರು.

ಗೋಡೆಯ ಮೇಲಿನ ಹಳೆಯ ಫೋಟೋಗಳನ್ನು ನೋಡುತ್ತಿದ್ದರೆ ಈ ಇಡೀ ವ್ಯಾಪಾರ ಸ್ವಲ್ಪ ತಮಾಷೆಯಾಗಿ ಕಂಡಿತು. ಕ್ವಿಲ್ ಗಾರ್ಡನ್ ಕಟ್ಟಿದ ಥಿಯೋಡರ್ ಗಾರ್ಡನ್ 1915ರಲ್ಲಿ ತೀರಿಕೊಂಡ. 1890ರಲ್ಲಿ ಇಂಗ್ಲೆಂಡಿನ ಹಾಲ್ಫರ್ಡ್ ಕಾಗದದ ಜೊತೆ ಕಳಿಸಿದ, ನೀರ ಮೇಲೆ ತೇಲುವ 'ಒಣ' ಫ್ಲೈಗಳ ಮಾದರಿ ನೋಡಿ, ಅವನ್ನು ಇಲ್ಲಿನ ಹೊಳೆಗಳ ಕೀಟಕ್ಕೆ ಹೊಂದಿಸಿದವನು. ಆಮೇಲಿನವನು ರೂಬ್ ಕ್ರಾಸ್. ರಾಸ್ಕೋದ ಡೆಟ್ಟೆ ದಂಪತಿ ಮತ್ತು ಹ್ಯಾರಿ ಡಾರ್ಬಿ ದುಡ್ಡು ಕೊಡುತ್ತೇವೆ, ಕಲಿಸು ಎಂದರೂ ಆತ ಒಪ್ಪಲಿಲ್ಲವಂತೆ. ಅವರು ಆತನ ಫ್ಲೈಗಳನ್ನೇ ಕೊಂಡು, ಒಂದೊಂದು ಸುತ್ತು ಬಿಚ್ಚುತ್ತ ಬಿಚ್ಚುತ್ತ ಕಲಿತರು, ಮುಂದೆ ತಾವೇ ಹೆಸರಾದರು. ಇದೇ ಬೀವರ್‌ಕಿಲ್ ದಂಡೆಯಲ್ಲಿ ಗಾಳದ ಶಾಲೆ ನಡೆಸಿದ ಲೀ ವುಲ್ಫ್ ವೈಸನ್ನೇ ಮುಟ್ಟುತ್ತಿರಲಿಲ್ಲ. ಎಡಗೈಯ ಬೆರಳುಗಳಲ್ಲಿ ಕೊಕ್ಕೆ ಹಿಡಿದು ತೀರ ಸಣ್ಣ ಫ್ಲೈಗಳನ್ನೂ ಕಟ್ಟುತ್ತಿದ್ದ. ಭಾವನಿಗೆ ಇದನ್ನು ಹೇಳಿದೆ. "ಅವನ ಬೆರಳು ಕೊಡ್ತಾರಾ ಕೇಳು, ಅದನ್ನೇ ತಗೊಳ್ಳಣ," ಅಂದರು.

ಕಪಾಟಿನ ಗಾಜಿನೊಳಗೆ ಸಾಲ್ಮನ್ ಫ್ಲೈಗಳಿದ್ದವು, ದೇವರಿಗೆ ತೊಡಿಸುವಷ್ಟು ಒಡವೆ ಹೇರಿಕೊಂಡು. ಅವುಗಳ ಕೆನ್ನೆಯ ಮೇಲೆ ಮೇಣದಂತೆ ಹೊಳೆಯುವ ಹಳದಿ ಬೊಟ್ಟಿನ ಗರಿ. ಅದು ನಮ್ಮ ಸಹ್ಯಾದ್ರಿಯ ಕಾಡುಕೋಳಿ ಹುಂಜನ ಕತ್ತಿನದು. ಇವರು ಜಂಗಲ್ ಕಾಕ್ ಎನ್ನುತ್ತಾರೆ. ಒಂದು ಕಾಲಕ್ಕೆ ಬ್ರಿಟಿಷರ ಹಡಗುಗಳಲ್ಲಿ ಈ ತೊಗಲುಗಳು ಹೋಗುತ್ತಿದ್ದವು. ಈಗ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ರಫ್ತು ನಿಂತಿದೆ. ಇಲ್ಲಿ ಮಾರುವುದು ಹೊರದೇಶಗಳಲ್ಲಿ ಸಾಕಿದ ಹಕ್ಕಿಯದು. ಆಗುಂಬೆ ರಸ್ತೆಯಲ್ಲಿ ಬೆಳಗಿನ ಜಾವ ಬಸ್ಸಿನೆದುರು ಪುರ್ರನೆ ದಾಟುವ ಆ ಹುಂಜನನ್ನು ಭಾವ ನೋಡದವರಲ್ಲ. ಆದರೆ ಆ ಬೊಟ್ಟನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು ಅಂದರು.

ಕಡೆಗೆ ಆಯ್ಕೆ ಬಂದು ನಿಂತದ್ದು ರೀಗಲ್ ಮತ್ತು ಟ್ರಾವೆಲರ್ ನಡುವೆ. ಎರಡೂ ಆಗ 200 ಡಾಲರಿನ ಆಸುಪಾಸಿನಿಂದ ಶುರುವಾಗುತ್ತಿದ್ದ ಬಾಬತ್ತು. ಭಾವನಿಗೆ ತಿರುಗುವುದರ ಮೇಲೆ ಮನಸ್ಸು ಕೂತಿತ್ತು. ಅಂಗಡಿಯವರು ಬಿಲ್ಲು ಹಾಕುವ ಮೊದಲು ಕಲಿಸಿದ್ದು ಲಿವರಿನ ವಿಷಯ: ಕೊಕ್ಕೆಯ ದಪ್ಪ ಬದಲಾದಾಗಲೆಲ್ಲ ಮೊದಲು ತಿರುಪಿನಿಂದ ದವಡೆಯ ಸಂದನ್ನು ಹೊಂದಿಸಿಕೊಳ್ಳಿ, ಆಮೇಲೆ ಲಿವರ್ ಬೆರಳಿನ ಒತ್ತಡಕ್ಕೇ ಬಿಗಿಯಾಗಬೇಕು, ಮೈಬಲ ಬೇಕಾಯಿತೆಂದರೆ ಹೊಂದಿಕೆ ತಪ್ಪಿದೆ ಎಂದೇ ಅರ್ಥ, ಹಾಗೇ ಒತ್ತುತ್ತಿದ್ದರೆ ಎಂಥ ದವಡೆಯೂ ಸೀಳುತ್ತದೆ. ಇಷ್ಟು ಹೇಳಿ ಭಾವನ ಹಳೆಯ ವೈಸಿನ ಕಡೆ ನೋಡಿದರು. ಭಾವ ಬೇರೆ ಕಡೆ ನೋಡಿದರು.

ಉಳಿದದ್ದು ಬುಡದ ಪ್ರಶ್ನೆ. ಮೇಜಿನ ಅಂಚಿಗೆ ಕಚ್ಚುವ ಸಿ-ಕ್ಲಾಂಪ್ ಬೇಕೇ, ತೂಕದ ಪೀಠ ಬೇಕೇ? ಕ್ಲಾಂಪ್ ಅಲ್ಲಾಡುವುದಿಲ್ಲ, ಎತ್ತರ ಏರಿಳಿಸಬಹುದು, ಚೀಲದಲ್ಲಿ ಹಗುರ. ಪೀಠ ಎಲ್ಲಿ ಬೇಕಾದರೂ ಕೂರುತ್ತದೆ, ಆದರೆ ಹೊರಲು ಭಾರ. ಭಾವ ಕ್ಲಾಂಪಿನ ಪರ. ಅಕ್ಕನಿಗೆ ವಿಡಿಯೊ ಕರೆ ಮಾಡಿ ಊಟದ ಮೇಜಿನ ಅಂಚು ಎಷ್ಟು ದಪ್ಪವಿದೆ ಅಳೆದು ಹೇಳು ಎಂದರು. ಅಕ್ಕ ಅಳೆಯಲು ಏಳಲೇ ಇಲ್ಲ.

"ಹೋದ ವಾರ ಸಾರಲ್ಲಿ ಕೋಳಿಗರಿ ಸಿಕ್ಕಿದ್ದು ಮರೆತುಹೋಯ್ತಾ? ನನ್ನ ಮೇಜಿಗೆ ಏನೂ ಕಚ್ಚಿಸೋ ಹಾಗಿಲ್ಲ. ಎತ್ತಿ ಆಚೆ ಇಡೋಕೆ ಬರೋದಿದ್ರೆ ತಗೊಂಡು ಬನ್ನಿ," ಅಂದಳು.

ಪೀಠವಿರುವುದನ್ನೇ ತಂದರು. ಹಳೆಯ ವೈಸಿನ ದವಡೆಯ ಗೀರುಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ ಮಗನಿಗೆ ಕೊಟ್ಟಿದ್ದಾರೆ. 8ನೇ ನಂಬರಿನ ದಪ್ಪ ಕೊಕ್ಕೆಯನ್ನು ಅದು ಚೆನ್ನಾಗಿಯೇ ಹಿಡಿಯುತ್ತದೆ. ಹುಡುಗನಿಗೆ ಸದ್ಯಕ್ಕೆ ಅದಕ್ಕಿಂತ ಸಣ್ಣದು ಬೇಕಿಲ್ಲ.